ಹದಿಹರೆಯದ ಮಕ್ಕಳೊಂದಿಗೆ ಕ್ರೂಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮದುವೆಯಾಗಿ ಇಪ್ಪತ್ತು ವರ್ಷ ತುಂಬುವ ಸಂದರ್ಭದಲ್ಲಿ ಒಂದು ವಾರದ ಕ್ರೂಸ್ ಪ್ರವಾಸ ಕೈಗೊಳ್ಳಬೇಕೆಂದಿದ್ದೇವೆ. ಮಗನಿಗೆ ಈಗ ಹದಿನೇಳು, ಇನ್ನು ಕೆಲವೇ ತಿಂಗಳಲ್ಲಿ ಹದಿನೆಂಟು ತುಂಬುತ್ತದೆ, ಮಗಳಿಗೆ ಹದಿನೈದು. ನನ್ನ ಪತ್ನಿಗೆ ಬೇಕಿರುವುದು ಕಡಲನ್ನು ನೋಡುತ್ತ ಸುಮ್ಮನೆ ಕೂರುವ ನೆಮ್ಮದಿ, ನನಗೆ ಹಳೆಯ ಊರುಗಳನ್ನು ಸುತ್ತುವ ಆಸೆ. ಮಗನದು ಒಂದೇ ಮಾತು: 'ಅಷ್ಟು ದಿನ ಹಡಗಿನಲ್ಲಿ ನಾನೇನು ಮಾಡಲಿ?' ಮೆಡಿಟರೇನಿಯನ್, ಕೆರಿಬಿಯನ್, ಅಲಾಸ್ಕಾ, ಈ ಮೂರರಲ್ಲಿ ಯಾವುದು ನಾಲ್ವರಿಗೂ ಹಿಡಿಸೀತು?
– ಇಬ್ಬರು ಮಕ್ಕಳ ತಂದೆ

ಉತ್ತರ: ಮಾರ್ಗದ ಮಾತಿಗೆ ಬರುವ ಮುನ್ನ ನಿಮ್ಮ ಮಗನ ಜನ್ಮದಿನಾಂಕವನ್ನೂ ಹಡಗು ಹೊರಡುವ ದಿನಾಂಕವನ್ನೂ ಅಕ್ಕಪಕ್ಕ ಬರೆದುಕೊಳ್ಳಿ. ನಿಮ್ಮ ಇಡೀ ಆಯ್ಕೆ ಈ ಎರಡು ದಿನಾಂಕಗಳ ಮೇಲೆ ನಿಂತಿದೆ ಎಂದರೆ ಅತಿಶಯೋಕ್ತಿಯಲ್ಲ. ದೊಡ್ಡ ಹಡಗುಗಳಲ್ಲಿ ಹದಿಹರೆಯದವರಿಗೆಂದೇ ಪ್ರತ್ಯೇಕ ಕ್ಲಬ್‌ಗಳಿರುತ್ತವೆ. ಕಾರ್ನಿವಲ್ ಸಂಸ್ಥೆಯ ಹಡಗುಗಳಲ್ಲಿ 12ರಿಂದ 14ರವರಿಗೆ ಒಂದು, 15ರಿಂದ 17ರವರಿಗೆ ಇನ್ನೊಂದು. ನಾರ್ವೇಜಿಯನ್ ಸಂಸ್ಥೆಯಲ್ಲಿ 13ರಿಂದ 17ರವರೆಗಿನವರಿಗೆಲ್ಲ ಸೇರಿ ಒಂದು. ವಿಭಜನೆ ಹೇಗೇ ಇರಲಿ, ಬಹುಪಾಲು ಸಂಸ್ಥೆಗಳಲ್ಲಿ ಹದಿನೇಳಕ್ಕೆ ಬಾಗಿಲು ಮುಚ್ಚುತ್ತದೆ. ಹೊರಡುವ ಮೊದಲೇ ಹದಿನೆಂಟು ತುಂಬಿದವರು ವಯಸ್ಕರ ಲೆಕ್ಕಕ್ಕೆ ಸೇರುತ್ತಾರೆ.

ಆದರೆ ವಯಸ್ಕರ ಲೆಕ್ಕಕ್ಕೆ ಸೇರಿದ ಮಾತ್ರಕ್ಕೆ ವಯಸ್ಕರ ಎಲ್ಲ ಬಾಗಿಲುಗಳೂ ತೆರೆಯುವುದಿಲ್ಲ. ಉತ್ತರ ಅಮೆರಿಕದ ಬಂದರುಗಳಿಂದ ಹೊರಡುವ ಹಡಗುಗಳಲ್ಲಿ ಮದ್ಯ ಸೇವನೆಯ ಕನಿಷ್ಠ ವಯಸ್ಸು ಸಾಮಾನ್ಯವಾಗಿ 21, ಮತ್ತು ರಾತ್ರಿಯ ಹಲವು ಕಾರ್ಯಕ್ರಮಗಳ ಪ್ರವೇಶವೂ ಅದನ್ನೇ ಅನುಸರಿಸುತ್ತದೆ. ಹೀಗಾಗಿ ಅಲ್ಲಿ ಹದಿನೆಂಟರಿಂದ ಇಪ್ಪತ್ತರವರೆಗಿನ ಹುಡುಗರು ತಂಗಿಯ ಕ್ಲಬ್ಬಿಗೂ ಸಲ್ಲದೆ, ಅಪ್ಪನ ಕೂಟಕ್ಕೂ ಸಲ್ಲದೆ ಓಣಿಗಳಲ್ಲಿ ಅಲೆದಾಡುವುದು ಅಪರೂಪದ ದೃಶ್ಯವೇನಲ್ಲ. ಈ ನಡುವಿನ ವಯಸ್ಸಿನವರಿಗಾಗಿ, ಅಂದರೆ 18ರಿಂದ 20ರವರಿಗಾಗಿ, ಪ್ರತ್ಯೇಕ ಕೂಟಗಳನ್ನು ಏರ್ಪಡಿಸುವ ಡಿಸ್ನಿಯಂಥ ಸಂಸ್ಥೆಗಳು ಕಡಿಮೆ. ಯೂರೋಪಿನಿಂದ ಹೊರಡುವ ಹಲವು ಹಡಗುಗಳಲ್ಲಿ ಈ ಮಿತಿ 18 ಆಗಿರುತ್ತದೆ. ನಿಮ್ಮ ಮಗ ಕುಡಿಯಲಿ ಎಂದು ನಾನು ಹೇಳುತ್ತಿಲ್ಲ. ತನ್ನ ವಯಸ್ಸಿನವರು ಸಂಜೆ ಎಲ್ಲಿ ಸೇರುತ್ತಾರೋ ಅಲ್ಲಿಗೆ ಅವನಿಗೂ ಪ್ರವೇಶವಿರಬೇಕೆಂಬುದಷ್ಟೇ ನನ್ನ ಮಾತು.

ಎರಡನೆಯದು, ಹೊರಡುವ ಕಾಲ. ಟೀನ್ ಕ್ಲಬ್ ಎನ್ನುವುದು ಅದರ ಕೋಣೆಯ ಅಂದಚೆಂದದಿಂದಾಗಲೀ ವಿಡಿಯೊ ಗೇಮ್‌ಗಳ ಸಂಖ್ಯೆಯಿಂದಾಗಲೀ ಗೆಲ್ಲುವುದಿಲ್ಲ, ಆ ವಾರ ಹಡಗಿನಲ್ಲಿ ಅದೇ ವಯಸ್ಸಿನ ಎಷ್ಟು ಮಂದಿ ಇದ್ದಾರೆ ಎಂಬುದರಿಂದ ಗೆಲ್ಲುತ್ತದೆ. ಅಮೆರಿಕ, ಯೂರೋಪಿನ ಶಾಲೆಗಳು ನಡೆಯುತ್ತಿರುವ ತಿಂಗಳುಗಳಲ್ಲಿ ಟಿಕೆಟ್ ಅಗ್ಗವಾಗಿ ಸಿಗುತ್ತದೆ, ಆದರೆ ಆಗ ಇಡೀ ಹಡಗಿನಲ್ಲಿ ಬೆರಳೆಣಿಕೆಯ ಹದಿಹರೆಯದವರಿರಬಹುದು, ವಯೋಗುಂಪುಗಳನ್ನು ಒಟ್ಟುಗೂಡಿಸಿ ನಿಮ್ಮ ಮಗನನ್ನು ಹನ್ನೆರಡರ ಬಾಲಕರ ಜೊತೆ ಕೂರಿಸಲೂಬಹುದು. ಜುಲೈ, ಆಗಸ್ಟ್ ಮತ್ತು ಡಿಸೆಂಬರ್ ಕೊನೆಯ ವಾರಗಳಲ್ಲಿ ದರವೂ ಜನಸಂದಣಿಯೂ ಹೆಚ್ಚು, ಜೊತೆಗಾರರೂ ಹೆಚ್ಚು. ಮಕ್ಕಳು ಇಷ್ಟು ದೊಡ್ಡವರಾದ ಮೇಲೆ ಹೆಚ್ಚಿನ ದರ ತೆತ್ತು ರಜೆಯಲ್ಲೇ ಹೋಗುವುದು ಸರಿಯಾದ ಖರ್ಚು ಎಂದು ನನ್ನ ಅಭಿಪ್ರಾಯ. ಮೊದಲ ದಿನ ಸಂಜೆಯ ಪರಿಚಯ ಕೂಟಕ್ಕೆ ಅವರಿಬ್ಬರೂ ಹೋಗುವಂತೆ ಒಲಿಸಿ. ಗುಂಪುಗಳು ಆ ರಾತ್ರಿಯೇ ಕಟ್ಟಿಕೊಳ್ಳುತ್ತವೆ, ಮೂರನೆಯ ದಿನ ಹೋಗಿ ಸೇರಿಕೊಳ್ಳುವುದು ಸಂಕೋಚದ ಸ್ವಭಾವದವರಿಗೆ ಕಷ್ಟ.

ಇನ್ನು ಮಾರ್ಗಗಳು. ಮೆಡಿಟರೇನಿಯನ್ ಎಂದರೆ ಬಂದರುಗಳ ಪ್ರವಾಸ. ಏಳು ರಾತ್ರಿಗಳಲ್ಲಿ ಐದಾರು ಊರು, ಪೂರ್ತಿ ಕಡಲಿನಲ್ಲೇ ಕಳೆಯುವ ದಿನ ಒಂದೋ ಎರಡೋ. ನಿಮಗೆ ಇದು ಹಬ್ಬ, ನಿಮ್ಮ ಪತ್ನಿಗೆ ದಣಿವು. 'ರೋಮ್' ಎಂದು ಪಟ್ಟಿಯಲ್ಲಿ ಬರೆದಿದ್ದರೂ ಹಡಗು ನಿಲ್ಲುವುದು ಸುಮಾರು 70 ಕಿಲೋಮೀಟರ್ ದೂರದ ಚಿವಿತಾವೆಕ್ಕಿಯಾದಲ್ಲಿ. 'ಫ್ಲಾರೆನ್ಸ್' ಎಂದರೆ ಲಿವೊರ್ನೊ, ಅಲ್ಲಿಂದ ಇನ್ನೂ ಸುಮಾರು 90 ಕಿಲೋಮೀಟರ್. ವೆನಿಸ್ಸಿನ ಹಳೆಯ ನಗರದ ಎದುರಿನ ಜುದೆಕ್ಕಾ ಕಾಲುವೆಯಲ್ಲಿ 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳಿಗೆ ಪ್ರವೇಶವಿಲ್ಲ, ಆದ್ದರಿಂದ 'ವೆನಿಸ್' ಎಂದಿದ್ದರೆ ನಿಜವಾದ ಬಂದರು ಯಾವುದೆಂದು ಕೇಳಿ ತಿಳಿಯಬೇಕು. ರಾತ್ರಿ ಒಂದು ಗಂಟೆಗೆ ಮಲಗಿದ ಹುಡುಗನನ್ನು ದಿನವೂ ಬೆಳಗಿನ ಆರಕ್ಕೆ ಎಬ್ಬಿಸಿ, ಆಗಸ್ಟ್ ತಿಂಗಳ ಬಿಸಿಲಿನಲ್ಲಿ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ಭಗ್ನಾವಶೇಷಗಳನ್ನು ತೋರಿಸಿದರೆ ಅವನಿಗೆ ಇತಿಹಾಸದ ಮೇಲೆ ಪ್ರೀತಿ ಹುಟ್ಟುವ ಸಂಭವ ಕಡಿಮೆ. ಹಡಗಿನಿಂದ ಇಳಿದು ನಡೆದೇ ಹಳೆಯ ಪೇಟೆಯನ್ನು ಸೇರಬಹುದಾದ ಮಾಂಟೆನೆಗ್ರೊದ ಕೋಟೋರ್‌ನಂಥ ಬಂದರುಗಳು ಹೆಚ್ಚಾಗಿರುವ ಮಾರ್ಗವನ್ನು ಆರಿಸಿಕೊಂಡರೆ ಈ ತೊಂದರೆ ಅರ್ಧ ಕಡಿಮೆಯಾಗುತ್ತದೆ.

ಕೆರಿಬಿಯನ್ನಿನಲ್ಲಿ ಹಡಗೇ ಊರು. 2024ರ ಜನವರಿಯಲ್ಲಿ ಪ್ರಯಾಣ ಆರಂಭಿಸಿದ ಐಕಾನ್ ಆಫ್ ದಿ ಸೀಸ್ ಸುಮಾರು 365 ಮೀಟರ್ ಉದ್ದವಿದ್ದು, ಅದರ ಮೇಲೆ ಆರು ಜಾರುಬಂಡೆಗಳ ವಾಟರ್ ಪಾರ್ಕ್ ಇದೆ. 2021ರಲ್ಲಿ ಸೇವೆಗಿಳಿದ ಕಾರ್ನಿವಲ್ ಸಂಸ್ಥೆಯ ಮಾರ್ಡಿ ಗ್ರಾ ಹಡಗಿನ ಮೇಲೆ ರೋಲರ್ ಕೋಸ್ಟರ್ ಕೂಡ ಉಂಟು. ಇಂಥ ಹಡಗುಗಳೆಂದರೆ ಗದ್ದಲವೇ ಗದ್ದಲ, ಪತ್ನಿಗೆ ಒಗ್ಗದು ಎಂದು ನೀವು ಭಾವಿಸಿರಬಹುದು. ವಾಸ್ತವದಲ್ಲಿ ಹಡಗು ದೊಡ್ಡದಾದಷ್ಟೂ ಮೌನದ ಮೂಲೆಗಳಿಗೆ ಅದರಲ್ಲಿ ಜಾಗ ಹೆಚ್ಚು: ರಾಯಲ್ ಕೆರಿಬಿಯನ್ ಸಂಸ್ಥೆಯ ಹಲವು ಹಡಗುಗಳ ಸೋಲಾರಿಯಂ ಹದಿನಾರು ದಾಟಿದವರಿಗೆ ಮಾತ್ರ, ಕಾರ್ನಿವಲ್‌ನ ಸೆರೆನಿಟಿ ಡೆಕ್ ಇಪ್ಪತ್ತೊಂದು ತುಂಬಿದವರಿಗೆ ಮಾತ್ರ. ಎರಡಕ್ಕೂ ಪ್ರತ್ಯೇಕ ಶುಲ್ಕವಿಲ್ಲ. ಅಡ್ಡಿ ಬೇರೆಯದು. ಜೂನ್ 1ರಿಂದ ನವೆಂಬರ್ 30ರವರೆಗೆ ಅಟ್ಲಾಂಟಿಕ್‌ನ ಚಂಡಮಾರುತದ ಋತು. ಹಡಗುಗಳು ಬಿರುಗಾಳಿಯಿಂದ ದೂರ ಸರಿದು ಸುರಕ್ಷಿತವಾಗಿಯೇ ಸಾಗುತ್ತವೆ, ಆದರೆ ನೀವು ನೋಡಬೇಕೆಂದುಕೊಂಡ ದ್ವೀಪದ ಬದಲು ಮತ್ತೊಂದು ಸಿಕ್ಕರೆ ದೂರುವಂತಿಲ್ಲ. ಹಳೆಯ ಊರುಗಳ ನಿಮ್ಮ ಆಸೆಯೂ ಇಲ್ಲಿ ಅಷ್ಟಾಗಿ ಈಡೇರುವುದಿಲ್ಲ.

ಅಲಾಸ್ಕಾವನ್ನು ಮುದುಕರ ಪ್ರವಾಸವೆಂದು ತಳ್ಳಿಹಾಕುವವರಿದ್ದಾರೆ, ನಾನು ಆ ಗುಂಪಿಗೆ ಸೇರಿದವನಲ್ಲ. ಹದಿನಾರು ಹದಿನೇಳರ ಮಕ್ಕಳು ಅಪ್ಪ-ಅಮ್ಮನ ಜೊತೆ ಒಂದೇ ಕೆಲಸವನ್ನು ಒಂದೇ ಉತ್ಸಾಹದಿಂದ ಮಾಡುವ ಸಂದರ್ಭಗಳು ಕಡಿಮೆ, ಅವು ಇಲ್ಲಿ ದಂಡಿಯಾಗಿ ಸಿಗುತ್ತವೆ. ಜೂನೋದಿಂದ ದೋಣಿಯಲ್ಲಿ ಹೋಗಿ ಹಂಪ್‌ಬ್ಯಾಕ್ ತಿಮಿಂಗಿಲಗಳನ್ನು ನೋಡುವುದು, ಹೆಲಿಕಾಪ್ಟರಿನಲ್ಲಿ ಹಿಮನದಿಯ ಮೇಲೆ ಇಳಿಯುವುದು, ಕೆಚಿಕನ್‌ನಲ್ಲಿ ಕಯಾಕ್ ನಡೆಸುವುದು, ಚಿನ್ನದ ಬೇಟೆಯ ಕಾಲದಲ್ಲಿ, 1898ರಿಂದ 1900ರ ನಡುವೆ ಕಟ್ಟಿದ ಸ್ಕ್ಯಾಗ್‌ವೇಯ ವೈಟ್ ಪಾಸ್ ರೈಲಿನಲ್ಲಿ ಬೆಟ್ಟ ಹತ್ತುವುದು, ಇವುಗಳಲ್ಲಿ ಯಾವುದಕ್ಕೂ ಹುಡುಗರನ್ನು ಗದರಿಸಿ ಹೊರಡಿಸಬೇಕಾಗಿಲ್ಲ. ಗ್ಲೇಷಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಗೆ ದಿನಕ್ಕೆ ಗರಿಷ್ಠ ಎರಡು ಕ್ರೂಸ್ ಹಡಗುಗಳಿಗೆ ಮಾತ್ರ ಅನುಮತಿಯಿರುವುದರಿಂದ, ಹಡಗು ನಿಂತ ಮೇಲೆ ಹಿಮದ ಗೋಡೆಯೊಂದು ಮುರಿದು ನೀರಿಗೆ ಬೀಳುವ ಸದ್ದನ್ನು ನಿಮ್ಮ ಪತ್ನಿ ಬಾಲ್ಕನಿಯಲ್ಲಿ ಕೂತೇ ಕೇಳಬಹುದು. ಎಲ್ಲ ಹಡಗುಗಳೂ ಅಲ್ಲಿಗೆ ಹೋಗುವುದಿಲ್ಲ. ಬುಕಿಂಗ್‌ಗೆ ಮುಂಚೆ ಕಾರ್ಯಕ್ರಮದ ಪಟ್ಟಿಯಲ್ಲಿ ಆ ಹೆಸರಿದೆಯೇ ನೋಡಿ. ವ್ಯಾಂಕೂವರ್‌ನಿಂದ ಹೊರಡುವ ಹಡಗುಗಳು ದ್ವೀಪಗಳ ಮರೆಯ ಶಾಂತ ನೀರಿನಲ್ಲಿ ಸಾಗುತ್ತವೆ, ಸಿಯಾಟಲ್‌ನಿಂದ ಹೊರಡುವವು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಹೊರಬದಿಯ ತೆರೆದ ಪೆಸಿಫಿಕ್‌ನಲ್ಲಿ ಸಾಗುವುದರಿಂದ ಹೊಯ್ದಾಟ ಸ್ವಲ್ಪ ಹೆಚ್ಚು. ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವ ಪ್ರವಾಸಗಳಲ್ಲಿ ಕೆನಡಾದ ವಿಕ್ಟೋರಿಯಾ ಬಂದರು ಒಂದು ಸಂಜೆಯ ಮಟ್ಟಿಗೆ ಬಂದುಹೋಗುವುದು ಪ್ರವಾಸಿಗಳ ಮೇಲಿನ ಪ್ರೀತಿಯಿಂದಷ್ಟೇ ಅಲ್ಲ. ವಿದೇಶಿ ಧ್ವಜದ, ಅಂದರೆ ಬೇರೆ ದೇಶದಲ್ಲಿ ನೋಂದಾಯಿತವಾದ ಹಡಗುಗಳು ನಡುವೆ ವಿದೇಶದ ಬಂದರೊಂದನ್ನು ಮುಟ್ಟಲೇಬೇಕೆಂಬ ಸ್ಥಿತಿಯನ್ನು ಅಮೆರಿಕದ 1886ರ ಕಾಯ್ದೆಯೊಂದು ತಂದಿಟ್ಟಿದೆ.

ಅಲಾಸ್ಕಾದ ದೋಷ ಖರ್ಚು. ದಡದ ಮೇಲಿನ ಚಟುವಟಿಕೆಗಳು ಟಿಕೆಟ್‌ನಲ್ಲಿ ಸೇರಿರುವುದಿಲ್ಲ, ನಾಲ್ವರಿಗೆ ಕೂಡಿಸಿದರೆ ಮೊತ್ತ ದೊಡ್ಡದಾಗುತ್ತದೆ. ಹೆಲಿಕಾಪ್ಟರಿನಂಥ ದುಬಾರಿಯಾದದ್ದನ್ನು ಒಂದಕ್ಕೆ ಸೀಮಿತಗೊಳಿಸಿ, ಉಳಿದ ಬಂದರುಗಳಲ್ಲಿ ಕಾಲ್ನಡಿಗೆಯ ಹಾದಿಗಳನ್ನು ಹಿಡಿಯಬಹುದು.

ನನ್ನ ತೀರ್ಮಾನವನ್ನು ನೇರವಾಗಿ ಹೇಳುತ್ತೇನೆ. ಮಗನ ಹುಟ್ಟುಹಬ್ಬಕ್ಕೆ ಮುಂಚೆ ಬೇಸಿಗೆ ರಜೆ ಸಿಗುವುದಾದರೆ ಅಲಾಸ್ಕಾಕ್ಕೆ, ಟೀನ್ ಕ್ಲಬ್ ಚುರುಕಾಗಿರುವ ದೊಡ್ಡ ಹಡಗಿನಲ್ಲಿ ಹೋಗಿ. ಈ ಮಾರ್ಗದಲ್ಲಿ ಓಡಾಡಿರುವ ನಾರ್ವೇಜಿಯನ್ ಬ್ಲಿಸ್‌ನಂಥ ಹಡಗುಗಳ ಮೇಲೆ ಗೋ-ಕಾರ್ಟ್ ಪಥ ಕೂಡ ಇದೆ. ಹುಟ್ಟುಹಬ್ಬ ಕಳೆದ ಮೇಲೆ ಹೋಗುವುದಾದರೆ ಯೂರೋಪಿನ ಬಂದರಿನಿಂದ ಹೊರಡುವ ಮೆಡಿಟರೇನಿಯನ್ ಹಡಗೇ ಸರಿ, ಅದರಲ್ಲೂ ಕನಿಷ್ಠ ಎರಡು ದಿನ ಕಡಲಿನಲ್ಲೇ ಇರುವಂಥದ್ದು. ಕೆರಿಬಿಯನ್ ನಿಮ್ಮ ಮಟ್ಟಿಗೆ ಮೂರನೆಯ ಆಯ್ಕೆ.

ಪ್ರಶ್ನೆ: ಹದಿನಾರು ಮತ್ತು ಹದಿನೇಳರ ಇಬ್ಬರು ಹೆಣ್ಣುಮಕ್ಕಳು ನಮಗೆ. ನಾಲ್ವರೂ ಒಂದೇ ಕ್ಯಾಬಿನ್ನಿನಲ್ಲಿದ್ದರೆ ಹಣ ಉಳಿಯುತ್ತದೆ ಎಂದು ಏಜೆಂಟ್ ಹೇಳುತ್ತಾರೆ. ನಂಬಬಹುದೇ?
– ಲೆಕ್ಕ ಹಾಕುತ್ತಿರುವ ತಾಯಿ

ಉತ್ತರ: ಹಣ ಉಳಿಯುವುದು ನಿಜ. ಮೂರನೆಯ ಮತ್ತು ನಾಲ್ಕನೆಯ ಪ್ರಯಾಣಿಕರಿಗೆ ದರ ಸಾಮಾನ್ಯವಾಗಿ ಕಡಿಮೆ. ಆದರೆ ಹಡಗಿನ ಸಾಧಾರಣ ಕ್ಯಾಬಿನ್ ಹೋಟೆಲಿನ ಕೋಣೆಗಿಂತ ಬಹಳ ಚಿಕ್ಕದು, ಗೋಡೆಯಿಂದಲೋ ಚಾವಣಿಯಿಂದಲೋ ಎಳೆಯುವ ಮಂಚಗಳನ್ನು ರಾತ್ರಿ ಇಳಿಸಿದ ಮೇಲೆ ನಡೆಯಲೂ ಜಾಗ ಉಳಿಯುವುದಿಲ್ಲ, ಬಚ್ಚಲಂತೂ ಒಂದೇ. ನೀವು ಬೆಳಗಿನ ಆರಕ್ಕೆ ಏಳುವವರು, ಅವರು ಹತ್ತಕ್ಕೆ ಏಳುವವರು ಎಂದಾದರೆ ಏಳು ದಿನಗಳ ಕಾಲ ಕತ್ತಲಲ್ಲಿ ಪಿಸುಗುಟ್ಟುತ್ತ ಚಪ್ಪಲಿ ಹುಡುಕಬೇಕಾಗುತ್ತದೆ.

ಎರಡು ಕ್ಯಾಬಿನ್‌ಗಳ ದರವನ್ನೂ ಬರೆಸಿಕೊಂಡು ಹೋಲಿಸಿ ನೋಡಿ. ನಿಮ್ಮಿಬ್ಬರಿಗೆ ಬಾಲ್ಕನಿಯಿರುವುದು, ಓಣಿಯ ಆಚೆ ಬದಿಯಲ್ಲಿ ಮಕ್ಕಳಿಗೆ ಕಿಟಕಿಯಿಲ್ಲದ ಒಳ ಕ್ಯಾಬಿನ್. ನಾಲ್ವರಿಗೆ ಒಂದೇ ದೊಡ್ಡ ಬಾಲ್ಕನಿ ಕ್ಯಾಬಿನ್ ಹಿಡಿಯುವುದಕ್ಕೂ ಇದಕ್ಕೂ ಎಷ್ಟೋ ಸಲ ಹೆಚ್ಚಿನ ವ್ಯತ್ಯಾಸ ಇರುವುದಿಲ್ಲ. ಹದಿಹರೆಯದವರಿಗೆ ಕತ್ತಲೆಯ ಕೋಣೆ ಶಿಕ್ಷೆಯಲ್ಲ, ಮಧ್ಯಾಹ್ನದವರೆಗೆ ನಿದ್ರಿಸಲು ಸಿಕ್ಕ ಸೌಕರ್ಯ. ನಡುವೆ ಬಾಗಿಲಿರುವ ಜೋಡಿ ಕ್ಯಾಬಿನ್‌ಗಳು ಇನ್ನೂ ಅನುಕೂಲ, ಆದರೆ ಅವು ಪ್ರತಿ ಹಡಗಿನಲ್ಲೂ ಮಿತಿಯಲ್ಲಿರುವುದರಿಂದ ಎಲ್ಲಕ್ಕಿಂತ ಮೊದಲು ಮುಗಿದುಹೋಗುತ್ತವೆ.

ಒಂದು ನಿಯಮ ತಿಳಿದಿರಲಿ. ಉತ್ತರ ಅಮೆರಿಕದಿಂದ ಹೊರಡುವ ಹಲವು ಹಡಗುಗಳಲ್ಲಿ ಪ್ರತಿ ಕ್ಯಾಬಿನ್ನಿನಲ್ಲೂ 21 ತುಂಬಿದ ಒಬ್ಬರಾದರೂ ಇರಬೇಕು. ತಂದೆತಾಯಿಯ ಕ್ಯಾಬಿನ್ ಪಕ್ಕದಲ್ಲೋ ಎದುರಿನಲ್ಲೋ ಇದ್ದರೆ ಮಕ್ಕಳಿಗೆ ಸಾಮಾನ್ಯವಾಗಿ ವಿನಾಯಿತಿ ದೊರೆಯುತ್ತದೆ. ಕೆಲವೆಡೆ ಕಾಗದದ ಮೇಲೆ ಪ್ರತಿ ಕ್ಯಾಬಿನ್‌ಗೆ ಒಬ್ಬ ಪೋಷಕರನ್ನು ಸೇರಿಸಿ ಬುಕ್ ಮಾಡಿ, ಹಡಗು ಹತ್ತಿದ ಮೇಲೆ ಕೀ ಕಾರ್ಡ್‌ಗಳನ್ನು ಬದಲಿಸಿಕೊಳ್ಳುವ ಪದ್ಧತಿಯಿದೆ. ಯಾವ ಕ್ರಮ ಅನ್ವಯಿಸುತ್ತದೆ ಎಂಬುದನ್ನು ಸಂಸ್ಥೆಯಿಂದಲೇ ಲಿಖಿತವಾಗಿ ಪಡೆಯಿರಿ, ಏಜೆಂಟರ ಬಾಯಿಮಾತು ಸಾಲದು.

ಪ್ರಶ್ನೆ: ಮಗಳಿಗೆ ಹತ್ತೊಂಬತ್ತು, ಜೀವವಿಜ್ಞಾನ ಓದುತ್ತಿದ್ದಾಳೆ, ಮಗನಿಗೆ ಹದಿನಾರು. ಸಾವಿರಾರು ಜನರ ಹಡಗು ನಮ್ಮಲ್ಲಿ ಯಾರಿಗೂ ಬೇಡ. ಚಿಕ್ಕ ಹಡಗುಗಳಲ್ಲಿ ಮಕ್ಕಳಿಗೆ ಬೇಸರವಾಗುವುದಿಲ್ಲವೇ?
– ಗದ್ದಲ ಒಲ್ಲದ ಕುಟುಂಬ

ಉತ್ತರ: ಚಿಕ್ಕ ಹಡಗಿನಲ್ಲಿ ಕ್ಲಬ್ ಇಲ್ಲ, ಜಾರುಬಂಡೆ ಇಲ್ಲ. ದಿನದ ಕಾರ್ಯಕ್ರಮವೇ ಎಲ್ಲರನ್ನೂ ಹಿಡಿದಿಡಬೇಕು, ಆದ್ದರಿಂದ ಜಾಗದ ಆಯ್ಕೆಯಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ಅವಕಾಶ ಕಡಿಮೆ. ನಿಮ್ಮ ಮಗಳ ಓದನ್ನು ಗಮನಿಸಿದರೆ ಗಲಾಪಗೊಸ್ ದ್ವೀಪಗಳಿಗಿಂತ ಒಳ್ಳೆಯ ಉತ್ತರ ನನಗೆ ಕಾಣುವುದಿಲ್ಲ. ಅಲ್ಲಿ ಯಾವ ಪ್ರವಾಸಿ ಹಡಗೂ ನೂರಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವಂತಿಲ್ಲ, ದ್ವೀಪದ ಮೇಲೆ ಕಾಲಿಡುವಾಗ ಸಣ್ಣ ಸಣ್ಣ ಗುಂಪುಗಳಾಗಿ, ಪರವಾನಗಿ ಪಡೆದ ಮಾರ್ಗದರ್ಶಿಯ ಜೊತೆಗೇ ಹೋಗಬೇಕು. ಬೆಳಿಗ್ಗೆ ಲಾವಾ ಬಂಡೆಗಳ ಮೇಲೆ ಕಡಲ ಇಗ್ವಾನಾಗಳ ನಡುವೆ ನಡಿಗೆ, ಮಧ್ಯಾಹ್ನ ಕಡಲಸಿಂಹಗಳು ಸುತ್ತ ಈಜಾಡುವ ನೀರಿನಲ್ಲಿ ಸ್ನಾರ್ಕೆಲಿಂಗ್. ಹದಿನಾರರವನು ಮೊಬೈಲನ್ನು ತಾನಾಗಿ ಮರೆಯುವ ಜಾಗವಿದು. ಎಲ್ಲರಿಗೂ ಈಜು ಬರುವುದು ಅಗತ್ಯ.

ಯೂರೋಪಿನ ಡ್ಯಾನ್ಯೂಬ್, ರೈನ್ ನದಿಗಳ ಹಡಗುಗಳೂ ಚಿಕ್ಕವೇ. ಅಣೆಕಟ್ಟಿನ ಲಾಕ್‌ಗಳೊಳಗೆ, ಅಂದರೆ ನೀರಿನ ಮಟ್ಟ ಬದಲಿಸಿ ಹಡಗನ್ನು ಏರಿಸಿ ಇಳಿಸುವ ಕಟ್ಟೆಗಳೊಳಗೆ, ಹಿಡಿಯಬೇಕಾದ್ದರಿಂದ ಉದ್ದ 135 ಮೀಟರ್ ಮೀರುವುದಿಲ್ಲ, ಪ್ರಯಾಣಿಕರು ಬಹುತೇಕ ಇನ್ನೂರರ ಒಳಗೆ. ಹಲವು ಹಡಗುಗಳಲ್ಲಿ ಸೈಕಲ್‌ಗಳನ್ನು ಇಟ್ಟಿರುತ್ತಾರೆ, ಮಕ್ಕಳು ದಂಡೆಯುದ್ದಕ್ಕೂ ಸೈಕಲ್ ತುಳಿದು ಮುಂದಿನ ಊರಿನಲ್ಲಿ ಹಡಗನ್ನು ಸೇರಿಕೊಳ್ಳುವ ಕಾರ್ಯಕ್ರಮಗಳೂ ಇರುತ್ತವೆ. ಆದರೆ ಸಹಪ್ರಯಾಣಿಕರಲ್ಲಿ ನಿವೃತ್ತರೇ ಹೆಚ್ಚು. ಕರಪತ್ರದ ಚಿತ್ರಗಳಿಗೆ ಮನಸೋಲುವ ಮೊದಲು ಕನಿಷ್ಠ ವಯಸ್ಸನ್ನು ನೋಡಿ: ವೈಕಿಂಗ್ ಸಂಸ್ಥೆಯ ಹಡಗುಗಳಿಗೂ ವರ್ಜಿನ್ ವಾಯೇಜಸ್ ಹಡಗುಗಳಿಗೂ ಹದಿನೆಂಟರ ಕೆಳಗಿನವರಿಗೆ ಪ್ರವೇಶವಿಲ್ಲ, ನಿಮ್ಮ ಮಗನನ್ನು ಅವರು ಹತ್ತಿಸಿಕೊಳ್ಳುವುದಿಲ್ಲ.

ಪ್ರಶ್ನೆ: ಹದಿನಾರರ ಮಗಳಿಗೆ ಹಡಗಿನಲ್ಲಿ ಎಷ್ಟು ಸ್ವಾತಂತ್ರ್ಯ ಕೊಡಬೇಕು? ಹಡಗು ಬಿಟ್ಟು ಎಲ್ಲಿಗೂ ಹೋಗಲಾರಳಲ್ಲ ಎಂದು ಮನೆಯವರು ಸಮಾಧಾನ ಹೇಳುತ್ತಾರೆ, ನನಗೆ ಧೈರ್ಯ ಸಾಲದು.
– ಆತಂಕದ ತಾಯಿ

ಉತ್ತರ: ನಿಮ್ಮ ಆತಂಕ ಅನಗತ್ಯವೆಂದು ನಾನು ಹೇಳಲಾರೆ. ಸಾವಿರಾರು ಅಪರಿಚಿತರಿರುವ ಯಾವ ಜಾಗವನ್ನೂ ಅದಕ್ಕೆ ಗೋಡೆಯಿದೆ ಎಂಬ ಒಂದೇ ಕಾರಣಕ್ಕೆ ಸುರಕ್ಷಿತ ಎನ್ನಲಾಗದು. ಚಿಕ್ಕ ಮಕ್ಕಳ ಕ್ಲಬ್ಬಿನಲ್ಲಿ ಪೋಷಕರು ಸಹಿ ಹಾಕಿ ಮಗುವನ್ನು ಕರೆದೊಯ್ಯಬೇಕು, ಆದರೆ ಟೀನ್ ಕ್ಲಬ್ಬಿಗೆ ಮಕ್ಕಳು ತಮಗೆ ಬೇಕಾದಾಗ ಬಂದು ಬೇಕಾದಾಗ ಹೋಗುತ್ತಾರೆ. ಈ ವ್ಯತ್ಯಾಸ ಅನೇಕ ಪೋಷಕರ ಗಮನಕ್ಕೆ ಬರುವುದೇ ಇಲ್ಲ. ಅಲ್ಲಿನ ಸಿಬ್ಬಂದಿ ಕ್ಲಬ್ಬಿನೊಳಗೆ ನಡೆಯುವುದಕ್ಕೆ ಹೊಣೆ, ಅದರಾಚೆಗೆ ಅಲ್ಲ. ಆದ್ದರಿಂದ ನೀವು ಮಗಳಿಗೆ ಹಾಕಬೇಕಾದ ಮುಖ್ಯ ನಿಬಂಧನೆ ಒಂದೇ: ಬೇರೆ ಯಾರ ಕ್ಯಾಬಿನ್ನಿಗೂ ಹೋಗಬಾರದು, ತಮ್ಮ ಕ್ಯಾಬಿನ್ನಿಗೆ ಯಾರನ್ನೂ ಕರೆತರಬಾರದು, ಕರೆಯುತ್ತಿರುವವರು ಹಡಗಿನ ಸಿಬ್ಬಂದಿಯೇ ಆಗಿದ್ದರೂ. ಸಾರ್ವಜನಿಕ ಜಾಗಗಳಲ್ಲಿ ಎಷ್ಟು ಹೊತ್ತು ಬೇಕಾದರೂ ಇರಲಿ. ಅಪ್ರಾಪ್ತರು ರಾತ್ರಿ ಇಷ್ಟು ಗಂಟೆಯ ನಂತರ ಪೋಷಕರಿಲ್ಲದೆ ಓಡಾಡಬಾರದೆಂಬ ನಿಯಮ, ಸಾಮಾನ್ಯವಾಗಿ ರಾತ್ರಿ ಒಂದು ಗಂಟೆಯದು, ಹಲವು ಹಡಗುಗಳಲ್ಲಿದೆ. ನೀವು ಅದಕ್ಕಿಂತ ಮುಂಚಿನ ಸಮಯವನ್ನು ಗೊತ್ತುಮಾಡಬಹುದು.

ಫೋನನ್ನು ಕಡಲಿನಲ್ಲಿ ಫ್ಲೈಟ್ ಮೋಡ್‌ನಲ್ಲೇ ಇಡಬೇಕು, ಇಲ್ಲವಾದರೆ ಹಡಗಿನ ಉಪಗ್ರಹ ಜಾಲಕ್ಕೆ ತಾನಾಗಿ ಸೇರಿಕೊಂಡು ಬಿಲ್ಲು ಏರುತ್ತದೆ. ಹೆಚ್ಚಿನ ಸಂಸ್ಥೆಗಳ ಮೊಬೈಲ್ ಆ್ಯಪ್‌ನಲ್ಲಿ ಹಡಗಿನೊಳಗೇ ಸಂದೇಶ ಕಳಿಸುವ ಸೌಲಭ್ಯವಿದ್ದು, ಅದಕ್ಕೆ ಇಂಟರ್ನೆಟ್ ಪ್ಯಾಕೇಜ್ ಕೊಳ್ಳಬೇಕಾಗಿಲ್ಲ; ಕೆಲವೆಡೆ ಅದಕ್ಕೆಂದು ಅಲ್ಪ ಶುಲ್ಕವಿರುತ್ತದೆ. ಮಗಳ ಕೀ ಕಾರ್ಡ್ ಹಣದ ಕಾರ್ಡ್ ಕೂಡ ಆಗಿರುವುದರಿಂದ, ಖರ್ಚಿಗೆ ಮಿತಿ ಹಾಕುವಂತೆ ಮೊದಲ ದಿನವೇ ಸ್ವಾಗತ ಕೌಂಟರಿನಲ್ಲಿ ಕೇಳಿ. ಬಂದರಿನಲ್ಲಿ ಇಳಿದಾಗ ಹಡಗಿನ ಗಡಿಯಾರವೂ ಊರಿನ ಗಡಿಯಾರವೂ ಬೇರೆಯಾಗಿರಬಹುದು, ಮರಳುವ ಸಮಯವನ್ನು ಹಡಗಿನ ಗಡಿಯಾರದಂತೆ ಲೆಕ್ಕ ಹಾಕಬೇಕು. ಸಂಸ್ಥೆಯೇ ಏರ್ಪಡಿಸಿದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ, ಸ್ವಂತ ಏರ್ಪಾಡಿನಲ್ಲಿ ಹೋದವರಿಗಾಗಿ ಕಾಯುವುದಿಲ್ಲ. 2012ರ ಜನವರಿ 13ರಂದು ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು ಮಗುಚಿದ ನಂತರ, ಹೊರಡುವ ಮೊದಲೇ ಸುರಕ್ಷತಾ ಅಭ್ಯಾಸ ನಡೆಸುವುದು ಕಡ್ಡಾಯವಾಯಿತು. ಮಗಳು ತನ್ನ ಒಟ್ಟುಗೂಡುವ ಸ್ಥಳವನ್ನು ನಿಮ್ಮ ಜೊತೆಯಿಲ್ಲದೆ ಒಮ್ಮೆ ತಾನೇ ಹುಡುಕಿ ತೋರಿಸಲಿ. ಮಿಕ್ಕಂತೆ, ದಿನಕ್ಕೊಂದು ಊಟ ಎಲ್ಲರೂ ಒಟ್ಟಿಗೆ ಎಂದು ಗೊತ್ತುಮಾಡಿಕೊಳ್ಳಿ. ರಾತ್ರಿಯೂಟಕ್ಕೆ ಒಂದೇ ಸಮಯ, ಒಂದೇ ಮೇಜು ನಿಗದಿಯಾಗಿರುವ ಪದ್ಧತಿಯನ್ನು ಆರಿಸಿದರೆ ದಿನವೂ ಕರೆದು ಹುಡುಕುವ ಕೆಲಸ ತಪ್ಪುತ್ತದೆ.

ಪ್ರಶ್ನೆ: ನಾನೊಬ್ಬನೇ ಹದಿನೇಳರ ಮಗನನ್ನು ಕರೆದೊಯ್ಯುತ್ತಿದ್ದೇನೆ, ಅವನ ತಾಯಿ ಬರುತ್ತಿಲ್ಲ. ಕಾಗದಪತ್ರಗಳಲ್ಲಿ ವಿಶೇಷವೇನಾದರೂ ಬೇಕೇ?

ಉತ್ತರ: ಬರದಿರುವ ಪೋಷಕರು ಸಹಿ ಮಾಡಿ ನೋಟರಿಯಿಂದ ದೃಢೀಕರಿಸಿದ ಒಪ್ಪಿಗೆ ಪತ್ರವನ್ನೂ ಮಗನ ಜನನ ಪ್ರಮಾಣಪತ್ರದ ಪ್ರತಿಯನ್ನೂ ಇಟ್ಟುಕೊಳ್ಳಿ. ಎಲ್ಲ ದೇಶಗಳೂ ಕೇಳುವುದಿಲ್ಲ, ಆದರೆ ಕೇಳಿದ ಬಂದರಿನಲ್ಲಿ ಅದಿಲ್ಲದೆ ಹೋದರೆ ಹಡಗು ಹತ್ತುವ ಮುನ್ನವೇ ಪ್ರವಾಸ ಮುಗಿಯಬಹುದು. ಪಾಸ್‌ಪೋರ್ಟಿನ ಅವಧಿ ಮರಳುವ ದಿನದಿಂದಾಚೆಗೆ ಆರು ತಿಂಗಳಾದರೂ ಉಳಿದಿರಲಿ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ಷೆಂಗೆನ್ ದೇಶಗಳಿಂದ ಹೊರಗಿನ ಬಂದರಿಗೆ ಹೋಗಿ ಮತ್ತೆ ಒಳಬರುವ ಮಾರ್ಗವಾದರೆ, ವೀಸಾ ಬೇಕಾದವರು ಹಲವು ಪ್ರವೇಶಗಳ ವೀಸಾವನ್ನೇ ಕೇಳಬೇಕು.

ಪ್ರಶ್ನೆ: ಮೊದಲು ಮೂರು ದಿನದ ಚಿಕ್ಕ ಕ್ರೂಸ್ ಮಾಡಿ ಮಕ್ಕಳಿಗೆ ಹಿಡಿಸುತ್ತದೆಯೇ ಎಂದು ಪರೀಕ್ಷಿಸುವುದು ಜಾಣತನವಲ್ಲವೇ?

ಉತ್ತರ: ನಿಮ್ಮಲ್ಲಿ ಯಾರಿಗೆ ಕಡಲ ಹೊಯ್ದಾಟ ಆಗಿಬರುವುದಿಲ್ಲ ಎಂಬುದು ಮೂರು ದಿನಗಳಲ್ಲಿ ತಿಳಿಯುತ್ತದೆ, ಅಷ್ಟರ ಮಟ್ಟಿಗೆ ಅದು ಉಪಯುಕ್ತ. ಮಕ್ಕಳಿಗೆ ಹಿಡಿಸುತ್ತದೆಯೇ ಎಂಬುದು ತಿಳಿಯುವುದಿಲ್ಲ. ಅವರಿಗೆ ಗೆಳೆತನ ಕುದುರುವ ಹೊತ್ತಿಗೆ ಇಳಿಯುವ ದಿನ ಬಂದಿರುತ್ತದೆ. ವಾರಾಂತ್ಯದ ಚಿಕ್ಕ ಪ್ರವಾಸಗಳಿಗೆ ಕುಡಿದು ಕುಣಿಯಲೆಂದೇ ಬರುವ ಯುವಕರ ಗುಂಪುಗಳು ಹೆಚ್ಚಿರುವುದರಿಂದ, ನೀವು ಮುಂದೆ ಹೋಗಬೇಕೆಂದಿರುವ ಏಳು ದಿನಗಳ ಹಡಗಿನ ವಾತಾವರಣಕ್ಕೂ ಅದಕ್ಕೂ ಸಾಮ್ಯವಿಲ್ಲ. ಹೊಯ್ದಾಟದ ಭಯವೊಂದೇ ಕಾರಣವಾದರೆ ನೇರವಾಗಿ ಏಳು ದಿನದ್ದನ್ನೇ ಆರಿಸಿ, ಹಡಗಿನ ಉದ್ದದ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಕ್ಯಾಬಿನ್ ಹಿಡಿಯಿರಿ. ಅಲ್ಲಿ ಚಲನೆ ಕಡಿಮೆ, ದರವೂ ಸಾಮಾನ್ಯವಾಗಿ ಮೇಲಿನ ಡೆಕ್ಕುಗಳಿಗಿಂತ ಕಡಿಮೆ.